ಗುಡ್ಡ, ಮರ ಮತ್ತು ನಡುವಣ ಗಾಳಿ: ಜಲವರ್ಣದಲ್ಲಿ ಗಿರಿದೃಶ್ಯ

ಬೆಟ್ಟದ ಚಿತ್ರ ಬರೆಯಿರೆಂದರೆ ಮಕ್ಕಳು ಮೂರು ತ್ರಿಕೋನಗಳನ್ನೆಳೆದು, ತುದಿಗೆ ಹಿಮ ಬಳಿದು, ನಡುವೆ ಸೂರ್ಯನನ್ನಿಡುವುದು ವಾಡಿಕೆ. ನಾಗಪುರದ ದಕ್ಷಿಣಕ್ಕೆ ಸುಮಾರು 30 ಕಿ.ಮೀ. ದೂರದ ಬುಟಿಬೋರಿಯ ಸುತ್ತ ಅಂತಹ ಶಿಖರ ಒಂದೂ ಇಲ್ಲ. ಇದು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಲಾವಾರಸವು ಪದರಪದರವಾಗಿ ಹರಿದು ಗಟ್ಟಿಯಾದ ದಖನ್ನಿನ ಬಸಾಲ್ಟ್ ಶಿಲೆಯ ನೆಲ. ಆದುದರಿಂದ ಈ ಸೀಮೆಯ ತಗ್ಗುಗುಡ್ಡಗಳದು ಚಪ್ಪಟೆ ನೆತ್ತಿ, ಮೆಟ್ಟಿಲಿಳಿದಂತಹ ಇಳಿಜಾರು. ಕಲಾವಿದ್ಯಾರ್ಥಿಯು ಮೊದಲು ಎಳೆಯಬೇಕಾದುದು ಕಂಡ ಆ ರೇಖೆಯನ್ನೇ.

ಕನ್ನಡಿಗರಲ್ಲಿ ಗಿರಿದೃಶ್ಯಕ್ಕೆ ಮಾದರಿಯೆಂದರೆ ಕೆ. ವೆಂಕಟಪ್ಪನವರು (1886–1965). ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಿಂದ ಕಲ್ಕತ್ತೆಗೆ ತೆರಳಿ ಅವನೀಂದ್ರನಾಥ ಠಾಕೂರರಲ್ಲಿ ಕಲಿತ ಅವರು, ಮುಂದೆ ಉದಕಮಂಡಲ ಹಾಗೂ ಕೊಡೈಕೆನಾಲಿನ ದೃಶ್ಯಗಳನ್ನು ಜಲವರ್ಣದಲ್ಲಿ ರಚಿಸಿದರು. ಅವುಗಳಲ್ಲಿ ಬೆಟ್ಟಕ್ಕಿಂತ, ಬೆಟ್ಟಕ್ಕೂ ನೋಡುಗನಿಗೂ ನಡುವಣ ಮಂಜು, ಮೋಡ, ಬೆಳಕುಗಳದೇ ಹಿರಿಮೆ ಎಂಬುದು ನಮ್ಮ ಅಭಿಪ್ರಾಯ.

ಇದಕ್ಕೆ ಕಾರಣವೂ ಉಂಟು. ದೂರ ಹೆಚ್ಚಿದಷ್ಟೂ ನಡುವಣ ಗಾಳಿ ಹೆಚ್ಚು. ಗಾಳಿಯು ನೀಲಿ ಬೆಳಕನ್ನು ಹೆಚ್ಚು ಚದುರಿಸುವುದರಿಂದ ದೂರದ ಸಾಲು ತಿಳಿನೀಲಿಯಾಗಿ, ಅಂಚು ಮಸುಕಾಗಿ ತೋರುತ್ತದೆ. ಆದರೆ ವಿದರ್ಭದ ಬೇಸಿಗೆಯಲ್ಲಿ ಧೂಳು ಕವಿದು ಅದೇ ಸಾಲು ಬೂದುಹಳದಿಯಾಗುತ್ತದೆ. ಉದಕಮಂಡಲದ ನೀಲಿಯನ್ನು ಮೇ ತಿಂಗಳ ಬುಟಿಬೋರಿಗೆ ಬಳಿದರೆ ಚಿತ್ರ ಸುಳ್ಳಾಗುತ್ತದೆ. ಮಳೆಗಾಲ ಕಳೆದ ಮೇಲಿನ ಮುಂಜಾವು ಅಭ್ಯಾಸಕ್ಕೆ ಉತ್ತಮ.

ಒದ್ದೆ ಕಾಗದದ ಮೇಲೆ ಆಕಾಶವನ್ನು ಹರಡಿ, ಅದು ಒಣಗಿದ ಬಳಿಕ ಹಿಂದಿನ ಸಾಲನ್ನು ತೆಳುವಾಗಿ ತುಂಬಬೇಕು. ಪ್ರತಿ ಸಾಲೂ ಪೂರ್ತಿ ಒಣಗಿದ ಮೇಲೆಯೇ ಮುಂದಿನದು, ಸ್ವಲ್ಪ ಗಾಢವಾಗಿ. ಈ ಕಾಯುವಿಕೆಯಲ್ಲೇ ಮಕ್ಕಳು ಸೋಲುವುದು!

ದೂರದ ಮರಗಳಿಗೆ ಎಲೆ ಬೇಡ, ಒಂದೇ ಛಾಯೆಯ ಗುಂಪು ಸಾಕು. ಹತ್ತಿರದ ಮರವನ್ನು ಹಸಿರು ಚೆಂಡಾಗಿಸದೆ, ಎಲೆಗಳ ನಡುವೆ ಆಕಾಶ ಇಣುಕಲು ಎಡೆ ಬಿಡಬೇಕು. ಕೊಂಬೆ ಕವಲೊಡೆದಂತೆಲ್ಲ ತೆಳುವಾಗುತ್ತದೆ. ಇದನ್ನು ಕಲಿಯಲು ಎಲೆಯುದುರಿದ ಸಾಗುವಾನಿಗಿಂತ ಒಳ್ಳೆಯ ಗುರುವಿಲ್ಲ. ಹೋಳಿಯ ವೇಳೆಗೆ ಬರಿಗೊಂಬೆಯಲ್ಲೇ ಅರಳುವ ಮುತ್ತುಗಕ್ಕೆ ಕಿತ್ತಳೆಗೆಂಪನ್ನು ಕೊನೆಯಲ್ಲಿ, ಮಿತವಾಗಿ ಇಡಬೇಕು.

ಮಹಾರಾಷ್ಟ್ರದ ಎಲಿಮೆಂಟರಿ ಚಿತ್ರಕಲಾ ಪರೀಕ್ಷೆಯಲ್ಲಿ ಸ್ಮರಣಚಿತ್ರವೂ ಒಂದು ವಿಷಯ. ಕಣ್ಣಾರೆ ಕಂಡು ಹತ್ತು ಬಾರಿ ಬರೆದ ಗುಡ್ಡ ಅಲ್ಲಿ ನೆನಪಿಗೆ ಬರುತ್ತದೆ, ಕ್ಯಾಲೆಂಡರಿನಿಂದ ನಕಲಿಸಿದ್ದಲ್ಲ.

ಇನ್ನು, ಎದುರಿನ ಕಾರ್ಖಾನೆಯ ಚಿಮಣಿಯನ್ನು ಚಿತ್ರದಿಂದ ಕೈಬಿಡಬೇಕೆ? ಬೇಡ. ಗುಡ್ಡದ ಗಾತ್ರವನ್ನು ಅಳೆದು ತೋರಿಸಲು ಅದು ಬಹಳ ಉಪಯುಕ್ತ.