ಎಸೆಯೋದನ್ನ ಬಿಡದ ಕೋಚ್

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಚೆಂಡು ಮುಂದೆ ಹೋಗೋಕೆ ಮುಖ್ಯವಾಗಿ ಎರಡೇ ದಾರಿ: ಹಿಡ್ಕೊಂಡು ಓಡಬೇಕು, ಇಲ್ಲಾ ಎಸೆಯಬೇಕು. ಓಟದಲ್ಲಿ ಅಪಾಯ ಕಮ್ಮಿ. ಆದರೆ 1970ರಲ್ಲಿ ಸಿನ್ಸಿನಾಟಿ ತಂಡದಲ್ಲಿದ್ದ ಬಿಲ್ ವಾಲ್ಶ್, ತುಂಬಾ ದೂರ ಎಸೆಯಲಾಗದ ವರ್ಜಿಲ್ ಕಾರ್ಟರ್‌ನನ್ನು ಇಟ್ಟುಕೊಂಡೇ, ಸಣ್ಣ ಸಣ್ಣ ಎಸೆತಗಳು ಓಟದ ಕೆಲಸ ಮಾಡಬಲ್ಲವು ಅಂತ ತೋರಿಸಿದರು. ಆ ಪಾಠ ಮೈಕ್ ಹೋಮ್‌ಗ್ರೆನ್ ಮೂಲಕ ಆಂಡಿ ರೀಡ್‌ಗೆ ಬಂತು.

1999ರಲ್ಲಿ ಫಿಲಡೆಲ್ಫಿಯಾ ಈಗಲ್ಸ್ ಕೋಚ್ ಆದ ರೀಡ್ ಎಸೆಸುತ್ತಲೇ ಹೋದರು. ಸ್ವಲ್ಪ ಓಡಿಸಬಾರದಾ ಅಂತ ಅಭಿಮಾನಿಗಳು ವರ್ಷಗಟ್ಟಲೆ ಗೊಣಗಿದರು. 14 ಸೀಸನ್‌ಗೆ ಸಿಕ್ಕಿದ್ದು ಒಂದೇ ಸೂಪರ್ ಬೌಲ್. ಅದೂ 3 ಅಂಕಗಳ ಸೋಲು. 2012ರಲ್ಲಿ 16ಕ್ಕೆ 12 ಪಂದ್ಯ ಸೋತ ಮೇಲೆ ಕೆಲಸ ಹೋಯ್ತು.

ಕಾನ್ಸಾಸ್ ಸಿಟಿಗೆ ಹೋದರು. ಕಾಲೇಜು ತಂಡಗಳಿಂದ ಹೊಸ ತಂತ್ರ ಕಲಿತರು, ಎಸೆಯೋದನ್ನ ಮಾತ್ರ ಬಿಡಲಿಲ್ಲ. 2020ರ ಸೂಪರ್ ಬೌಲ್‌ನಲ್ಲಿ 10 ಅಂಕ ಹಿಂದಿದ್ದರು, ಉಳಿದದ್ದು ಸುಮಾರು 7 ನಿಮಿಷ. ಪ್ಯಾಟ್ರಿಕ್ ಮಹೋಮ್ಸ್ ಎಸೆದ ಒಂದು ಚೆಂಡು 44 ಯಾರ್ಡ್ ತಂದುಕೊಟ್ಟಿತು. 31–20ರಿಂದ ಗೆದ್ದರು. 2023ರ ಸೂಪರ್ ಬೌಲ್‌ನಲ್ಲಿ ಸೋಲಿಸಿದ್ದು ಅದೇ ಈಗಲ್ಸ್ ತಂಡವನ್ನ!

ಸೋತಾಗ ಹಟ ಅಂದವರೇ ಗೆದ್ದಾಗ ನಂಬಿಕೆ ಅಂದರು. ನಿಜ ಏನಂದ್ರೆ, ನಂಬಿಕೆ ಹಳೇದೇ. ಅದಕ್ಕೆ ತಕ್ಕ ಕೈ ಸಿಗೋಕೆ ಅಷ್ಟು ವರ್ಷ ಬೇಕಾಯ್ತು.