ಕನ್ನಡ ರ‍್ಯಾಪ್

ತಾಳದ ಮೇಲೆ ಪ್ರಾಸ ಕಟ್ಟಿ, ರಾಗಕ್ಕಿಂತ ಮಾತಿನ ಲಯವನ್ನೇ ನೆಚ್ಚಿಕೊಂಡು ಹೇಳುವ ಹಾಡುಗಾರಿಕೆಗೆ ರ‍್ಯಾಪ್ ಎಂದು ಹೆಸರು. ಅಮೆರಿಕದ ಹಿಪ್‌ಹಾಪ್ ಸಂಸ್ಕೃತಿಯಿಂದ ಬಂದ ಈ ಕಲೆ ಕರ್ನಾಟಕದಲ್ಲಿ ಮೊದಲು ಬೆಂಗಳೂರಿನ ಇಂಗ್ಲಿಷ್ ಬಲ್ಲ ಹುಡುಗರ ನಡುವೆ ಬೆಳೆಯಿತು. ಕನ್ನಡ ಅದರೊಳಗೆ ಗಟ್ಟಿಯಾಗಿ ನೆಲೆಯೂರಿದ್ದು 2010ರ ದಶಕದಲ್ಲಿ. ಒಂದು ಹಾಡಿನ ಹಿಂದೆ ಇಬ್ಬರ ದುಡಿಮೆ ಇರುತ್ತದೆ: ಸಾಲು ಬರೆದು ಹೇಳುವ ರ‍್ಯಾಪರ್, ಬೀಟ್ ಕಟ್ಟುವ ಪ್ರೊಡ್ಯೂಸರ್. ಸಿನಿಮಾದಲ್ಲಿ ಪ್ರೊಡ್ಯೂಸರ್ ದುಡ್ಡು ಹಾಕುವವನು. ಇಲ್ಲಿ ಆತ ಸಂಗೀತ ಮಾಡುವವನು. ಸಿನಿಮಾದ ಆಚೆ, ಕಂಪನಿಗಳ ಹಂಗಿಲ್ಲದೆ ಹಾಡು ಮಾಡುವ ಅಂಡರ್‌ಗ್ರೌಂಡ್ ವಲಯದಲ್ಲಿ ಎರಡೂ ಕೆಲಸ ಒಬ್ಬನ ತಲೆಯ ಮೇಲೇ ಬೀಳುವುದುಂಟು.

ಹಿನ್ನೆಲೆ

ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ 1973ರ ಆಗಸ್ಟ್ 11ರಂದು ಡಿಜೆ ಕೂಲ್ ಹರ್ಕ್ ನಡೆಸಿದ ಒಂದು ಪಾರ್ಟಿಯನ್ನು ಹಿಪ್‌ಹಾಪ್‌ನ ಹುಟ್ಟು ಎಂದು ಗುರುತಿಸುವುದು ವಾಡಿಕೆ. ಹಾಡಿನ ನಡುವೆ ಡ್ರಮ್ ಮಾತ್ರ ಬಾರಿಸುವ ತುಣುಕನ್ನು ಎರಡು ಪ್ಲೇಯರ್‌ಗಳಲ್ಲಿ ಮತ್ತೆ ಮತ್ತೆ ನುಡಿಸಿ ಆತ ಕುಣಿಯುವವರನ್ನು ನಿಲ್ಲಗೊಡಲಿಲ್ಲ. ಬೀಟ್ ಎಂಬ ಕಲ್ಪನೆಯ ಬೇರು ಅಲ್ಲಿದೆ. 1979ರಲ್ಲಿ ‘ರ‍್ಯಾಪರ್ಸ್ ಡಿಲೈಟ್’ ಧ್ವನಿಮುದ್ರಿಕೆಯಾಗಿ ಬಂತು. ಮುಂದೆ ರೋಲ್ಯಾಂಡ್ ಕಂಪನಿಯ ಟಿಆರ್-808, ಅಕಾಯ್‌ನ ಎಂಪಿಸಿ ಮುಂತಾದ ಯಂತ್ರಗಳು ಬಂದು ಬೀಟ್ ಕಟ್ಟುವುದು ಪ್ರತ್ಯೇಕ ಕಸುಬೇ ಆಯಿತು. ಭಾರತದಲ್ಲಿ ರ‍್ಯಾಪ್ ಎಂಬ ಹೆಸರು ಮನೆಮಾತಾದದ್ದು 1992ರ ಸುಮಾರಿಗೆ, ಬಾಬಾ ಸೆಹಗಲ್ ಅವರ ‘ಠಂಡಾ ಠಂಡಾ ಪಾನಿ’ಯಿಂದ.

ಬ್ರಾಂಕ್ಸ್‌ನಲ್ಲಿ ಹೊಸ ಕಲೆ ಹುಟ್ಟುತ್ತಿದ್ದ ಅದೇ ವರ್ಷಗಳಲ್ಲಿ ಕರ್ನಾಟಕದ ಬೀದಿಗಳಲ್ಲಿ ಇನ್ನೊಂದು ಬಗೆಯ ಮಾತು-ತಾಳದ ಕಾವ್ಯ ಎದ್ದು ನಿಂತಿತ್ತು. ದಲಿತ ಕವಿ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ 1975ರಲ್ಲಿ ಪ್ರಕಟವಾಯಿತು. ದಲಿತ ಚಳವಳಿಯ ಮೆರವಣಿಗೆಗಳಲ್ಲಿ ತಮಟೆಯೊಂದಿಗೆ ಹೋರಾಟದ ಹಾಡುಗಳು ಮೊಳಗಿದವು. ಒಂದಕ್ಕೊಂದು ನೇರ ನಂಟಿಲ್ಲ. ಆದರೂ ಕನ್ನಡ ರ‍್ಯಾಪ್‌ನ ಚರಿತ್ರೆ ಬರೆಯುವಾಗ ಇದನ್ನು ಬಿಟ್ಟರೆ ತಾಳಕ್ಕೆ ಮಾತು ಕಟ್ಟುವ ಗುಣ ನಮ್ಮ ಭಾಷೆಗೆ ಹೊರಗಿನಿಂದಲೇ ಬಂತೆಂಬ ತಪ್ಪು ತಿಳಿವಳಿಕೆ ಉಳಿಯುತ್ತದೆ.

ಆರ್ಕುಟ್ ಕಾಲದ ಬೆಂಗಳೂರು

2000ದ ದಶಕದ ಕೊನೆಗೆ ಆರ್ಕುಟ್ ಜಾಲತಾಣದಲ್ಲಿ ರ‍್ಯಾಪ್ ಹುಚ್ಚಿನ ಹುಡುಗರು ಸಾಲಿಗೆ ಸಾಲು ಎಸೆದು ಜಗಳ ಕಟ್ಟುವ ಗುಂಪುಗಳಿದ್ದವು. ಬೆಂಗಳೂರಿನ ಬ್ರೋಧ ವಿ (ವಿಘ್ನೇಶ್ ಶಿವಾನಂದ್), ಸ್ಮೋಕಿ ದ ಘೋಸ್ಟ್ (ಸುಮುಖ್ ಮೈಸೂರ್) ಆ ಗರಡಿಯಲ್ಲಿ ಪಳಗಿದವರು. ಬಿಗ್ ನಿಕ್ ಜೊತೆ ಸೇರಿ ‘ಮಚ್ಚಾಸ್’ ಎಂಬ ತಂಡ ಕಟ್ಟಿದರು. ತಂಡದ ಹೆಸರಲ್ಲೇ ಬೆಂಗಳೂರಿನ ಬೀದಿ ಇದೆ, ಹಾಡು ಮಾತ್ರ ಇಂಗ್ಲಿಷಿನದು. ಬ್ರೋಧ ವಿ 2012ರಲ್ಲಿ ಹೊರತಂದ ‘ಆತ್ಮ ರಾಮ’ದಲ್ಲಿ ಇಂಗ್ಲಿಷ್ ರ‍್ಯಾಪ್ ನಡುವೆ ರಾಮಭಜನೆಯ ಪಲ್ಲವಿ ಬರುತ್ತದೆ. ಬದುಕಿನಲ್ಲಿ ಮುಗ್ಗರಿಸಿ ದೇವರ ಮುಂದೆ ನಿಂತವನ ಮಾತು ಅದು. ಮನೆಯ ದೇವರಕೋಣೆಯ ದನಿಯನ್ನು ಬೀಟಿನೊಳಗೆ ತಂದ ಆ ಪ್ರಯೋಗ, ಕೇಳಿ ಕಲಿತ ಸಂಗೀತಕ್ಕೂ ಹುಟ್ಟಿ ಬೆಳೆದ ಮನೆಗೂ ನಡುವೆ ಇದ್ದ ಗೋಡೆಯನ್ನು ಒಡೆಯಿತು.

ಕನ್ನಡ ಬಂದದ್ದು

ಅರ್ಬನ್ ಲ್ಯಾಡ್ಸ್ ತಂಡದಿಂದ ಬಂದ ಆಲ್ ಓಕೆ (ಅಲೋಕ್) ಕನ್ನಡದಲ್ಲೇ ಹಾಡಿ ತಮ್ಮದೇ ಕೇಳುಗ ಬಳಗ ಕಟ್ಟಿಕೊಂಡರು. ಹಾಸನ ಜಿಲ್ಲೆಯ ಚಂದನ್ ಶೆಟ್ಟಿ ಸಂಗೀತ ನಿರ್ದೇಶಕ ಅರ್ಜುನ್ ಜನ್ಯ ಅವರ ಬಳಿ ಕೆಲಸ ಕಲಿತು, ‘ಹಾಳಾಗೋದೆ’, ‘3 ಪೆಗ್’ ಹಾಡುಗಳಿಂದ ಮನೆಮಾತಾಗಿ, 2018ರ ಜನವರಿಯಲ್ಲಿ ಬಿಗ್ ಬಾಸ್ ಕನ್ನಡದ 5ನೇ ಆವೃತ್ತಿ ಗೆದ್ದರು. ಹೆಣ್ಣುದನಿಗಳು ಕಡಿಮೆ, ಸಿರಿ ಎಂಬ ಹೆಸರಿನಲ್ಲಿ ಹಾಡುವ ರ‍್ಯಾಪರ್ ಆ ಕೊರತೆಯನ್ನು ಒಂದಿಷ್ಟು ತುಂಬಿದವರು. ಹಿಂದಿಯ ‘ಗಲ್ಲಿ ಬಾಯ್’ ಚಿತ್ರ 2019ರ ಫೆಬ್ರುವರಿಯಲ್ಲಿ ತೆರೆಕಂಡ ಮೇಲೆ, ರ‍್ಯಾಪ್ ಮಾಡ್ತೀನಿ ಎಂದು ಮನೆಯಲ್ಲಿ ಹೇಳುವುದು ತುಸು ಸಲೀಸಾಯಿತು.

ಕನ್ನಡದಲ್ಲಿ ರ‍್ಯಾಪ್ ಬರೆಯುವ ಕಷ್ಟ-ಸುಖ ಎರಡೂ ಭಾಷೆಯ ಒಳಗೇ ಇವೆ. ಕ್ರಿಯಾಪದ ವಾಕ್ಯದ ಕೊನೆಗೆ ಬರುವುದರಿಂದ ‘ಬರ್ತೀನಿ, ಹೋಗ್ತೀನಿ, ನೋಡ್ತೀನಿ’ ಎಂದು ಅಂತ್ಯಪ್ರಾಸ ತಾನೇ ತಾನಾಗಿ ಬಿದ್ದುಬಿಡುತ್ತದೆ. ಹತ್ತು ಸಾಲು ಹೀಗೇ ಹೋದರೆ ಕೇಳುಗನಿಗೆ ಬೇಸರ. ಪಳಗಿದವರು ಪ್ರಾಸವನ್ನು ಸಾಲಿನ ಹೊಟ್ಟೆಯೊಳಗೆ ಇಡುತ್ತಾರೆ, ಇಲ್ಲವೇ ಹಳಗನ್ನಡ ಕವಿಗಳ ಆದಿಪ್ರಾಸದಂತೆ ಸಾಲಿನ ಮೊದಲಿಗೆ ತರುತ್ತಾರೆ. ಇನ್ನೊಂದು ಸಂಗತಿ: ಬರಹದ ಕನ್ನಡ ಸ್ವರದಲ್ಲಿ ಮುಗಿಯುತ್ತದೆ, ನಿಧಾನ. ‘ಮಾಡುತ್ತಿದ್ದೇನೆ’ ಎಂಬುದು ಬೀಟಿಗೆ ಒಗ್ಗದು. ‘ಮಾಡ್ತಿದೀನಿ’ ಎಂದಾಗ ವ್ಯಂಜನಗಳು ಒತ್ತರಿಸಿಕೊಂಡು ಬಂದು ತಾಳಕ್ಕೆ ಪೆಟ್ಟು ಕೊಡುತ್ತವೆ. ಆದ್ದರಿಂದಲೇ ಕನ್ನಡ ರ‍್ಯಾಪ್ ಆಡುಮಾತನ್ನು ಬಿಟ್ಟು ಬದುಕಲಾರದು, ಊರೂರಿನ ಆಡುಮಾತು ಬಂದಷ್ಟೂ ಅದಕ್ಕೆ ಬಲ.

ಬೀಟ್ ಕಟ್ಟುವ ಕೋಣೆ

ಒಂದು ಲ್ಯಾಪ್‌ಟಾಪ್, ಎಫ್‌ಎಲ್ ಸ್ಟುಡಿಯೊದಂಥ ಒಂದು ಸಾಫ್ಟ್‌ವೇರ್, ಹೆಡ್‌ಫೋನ್, ಮೈಕ್ — ಹೋಮ್ ಸ್ಟುಡಿಯೊ ಎಂದರೆ ಇಷ್ಟೇ. ಕಿಕ್ ಎಂಬ ದಪ್ಪ ಡ್ರಮ್ ಪೆಟ್ಟು ಮೊದಲು ಕೂರುತ್ತದೆ. ನಾಲ್ಕು ಎಣಿಕೆಯ ಬಾರ್‌ನಲ್ಲಿ ಎರಡನೆಯ ಮತ್ತು ನಾಲ್ಕನೆಯ ಎಣಿಕೆಗೆ ಸ್ನೇರ್ ಎಂಬ ಚುರುಕು ಪೆಟ್ಟು ಬೀಳುತ್ತದೆ. ನಡುವೆ ಹೈ-ಹ್ಯಾಟ್ ಚಿಟಿಚಿಟಿ ಎನ್ನುತ್ತಿರುತ್ತದೆ. ನಿಮಿಷಕ್ಕೆ 90 ಎಣಿಕೆಯ ವೇಗದಲ್ಲಿ 16 ಬಾರ್‌ಗಳ ಒಂದು ಚರಣಕ್ಕೆ ಸಿಗುವ ಕಾಲ ಸುಮಾರು 43 ಸೆಕೆಂಡು. ಹೇಳಬೇಕಾದ್ದನ್ನೆಲ್ಲ, ಉಸಿರು ತೆಗೆದುಕೊಳ್ಳುವ ಜಾಗವನ್ನೂ ಸೇರಿಸಿ, ಅಷ್ಟರೊಳಗೆ ಹೇಳಿ ಮುಗಿಸಬೇಕು. ಬೀಟ್ ಕಟ್ಟಲು ಬಾರದವರು ಅಂತರ್ಜಾಲದಲ್ಲಿ ಸಿಗುವ ‘ಟೈಪ್ ಬೀಟ್’ (ಹೆಸರಾಂತ ಕಲಾವಿದರ ಶೈಲಿಯಲ್ಲಿ ಕಟ್ಟಿಟ್ಟ ಸಿದ್ಧ ಬೀಟ್) ತೆಗೆದುಕೊಂಡು ಅದರ ಮೇಲೆ ಹೇಳುತ್ತಾರೆ. ಅದೇ ಬೀಟಿನ ಮೇಲೆ ಬೇರೆ ಊರಿನ ಇನ್ಯಾರೋ ಹೇಳಿರುವ ಸಾಧ್ಯತೆ ಇದ್ದೇ ಇರುತ್ತದೆ. ಸಾಲು ನಮ್ಮದಾಗಿ ತಾಳ ಯಾರದೋ ಆಗುವ ಈ ಸ್ಥಿತಿಯೇ ಕನ್ನಡ ರ‍್ಯಾಪ್‌ನ ದೊಡ್ಡ ಕೊರತೆ.

ಕೋಲುಮಂಡೆ ಪ್ರಕರಣ

ಜನಪದದಿಂದ ತೆಗೆದುಕೊಂಡರೂ ತೊಡಕು ತಪ್ಪಿದ್ದಲ್ಲ. 2020ರ ಆಗಸ್ಟ್‌ನಲ್ಲಿ ಚಂದನ್ ಶೆಟ್ಟಿಯವರ ‘ಕೋಲುಮಂಡೆ’ ಬಿಡುಗಡೆಯಾಯಿತು. ಕಂಸಾಳೆಯವರೂ ದೇವರಗುಡ್ಡರೂ ಹಾಡಿಕೊಂಡು ಬಂದ ಮಲೆ ಮಾದೇಶ್ವರ ಕಾವ್ಯದ ಸಂಕಮ್ಮನ ಪ್ರಸಂಗ ಅದರ ಮೂಲ. ಗಂಡನ ಸಂಶಯಕ್ಕೆ ಸಿಕ್ಕಿ ನರಳುವ ಹೆಣ್ಣನ್ನು ಮಾದಪ್ಪ, ಅಂದರೆ ಮಾದೇಶ್ವರ, ಕಾಯುವ ಕತೆ ಅದು. ವಿಡಿಯೊದಲ್ಲಿ ಸಂಕಮ್ಮನನ್ನು ತೋರಿಸಿದ ರೀತಿಗೆ ಭಕ್ತರಿಂದ ತೀವ್ರ ಆಕ್ಷೇಪ ಬಂದು, ಚಂದನ್ ಶೆಟ್ಟಿ ಕ್ಷಮೆ ಕೇಳಿದರು. ವಿಡಿಯೊವನ್ನು ಯೂಟ್ಯೂಬ್‌ನಿಂದ ತೆಗೆಯಲಾಯಿತು. ಜನಪದವನ್ನು ಮುಟ್ಟಲೇಬಾರದು ಎಂಬುದು ಇದರಿಂದ ಕಲಿಯಬೇಕಾದ ಪಾಠವಲ್ಲ. ಹಾಡಿನ ತಾಳ ತೆಗೆದುಕೊಂಡು ಅದರೊಳಗಿನ ಸಂಕಟವನ್ನು ಬಿಟ್ಟರೆ ಹಾಡಿಕೊಂಡು ಬಂದವರಿಗೆ ನೋವಾಗುತ್ತದೆ. ಅನಾಮಿಕರ ಹಾಡಿಗೆ ಕಾನೂನಿನ ರಕ್ಷಣೆ ತೆಳು; ಆದ್ದರಿಂದ ಕಲಾವಿದನ ಹೊಣೆ ಹೆಚ್ಚು.

ತುಮಕೂರು, ಗುಬ್ಬಿ ಸೀಮೆ

ಜನಪದದ ತಾಳ ಹುಡುಕುವವರಿಗೆ ಬೆಂಗಳೂರಿನ ಆಚೆಯ ಒಂದು ಉದಾಹರಣೆ ತುಮಕೂರು ಸೀಮೆ. ಬೆಂಗಳೂರಿನಿಂದ ಸುಮಾರು 70 ಕಿ.ಮೀ. ದೂರದ ತುಮಕೂರು ಸಂಗೀತದ ಮಾರುಕಟ್ಟೆಗಾಗಿ ರಾಜಧಾನಿಯತ್ತಲೇ ನೋಡುವ ಊರು. ಪ್ರದರ್ಶನ ಕಲೆಯಲ್ಲಿ ಈ ಸೀಮೆಗೆ ತನ್ನದೇ ಹಿರಿಮೆ ಇದೆ: 1884ರಲ್ಲಿ ಆರಂಭವಾದ ಗುಬ್ಬಿ ನಾಟಕ ಕಂಪನಿಯ ಚುಕ್ಕಾಣಿಯನ್ನು ಮುಂದೆ ಹಿಡಿದ ಗುಬ್ಬಿ ವೀರಣ್ಣ ನಟರೂ ಹೌದು, ಕಂಪನಿಯ ಯಜಮಾನರೂ ಹೌದು. ತಾಳದ ಸಂಪತ್ತಂತೂ ಹೇರಳ. ಜಿಲ್ಲೆಯ ಸೋಮನ ಕುಣಿತಕ್ಕೆ ಅರೆ, ಡೋಣು, ಮೌರಿ, ಸದ್ದೆ ವಾದ್ಯಗಳ ಮೇಳ. ತಮಟೆಯನ್ನು ಬಾರಿಸುವ ಮುನ್ನ ಹುಲ್ಲು-ಕಾಗದ ಉರಿಸಿ ಬೆಂಕಿಗೆ ಹಿಡಿಯುತ್ತಾರೆ. ಕಾವಿಗೆ ಚರ್ಮ ಬಿಗಿಯಾಗಿ ನಾದ ಏರುತ್ತದೆ, ತಣಿದರೆ ಮತ್ತೆ ಬೆಂಕಿಗೆ. ಒಂದು ಕೈಯಲ್ಲಿ ದಪ್ಪ ಕಡ್ಡಿ, ಇನ್ನೊಂದರಲ್ಲಿ ತೆಳು ಕಡ್ಡಿ. ಕಿಕ್ಕೂ ಸ್ನೇರೂ ಒಂದೇ ವಾದ್ಯದಲ್ಲಿವೆ.

ಈ ಸೀಮೆಯ ಕವಿ ಕೆ.ಬಿ. ಸಿದ್ದಯ್ಯ (ನಿಧನ 2019) ತುಮಕೂರಿನಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿದ್ದು ದಲಿತ ಸಂಘರ್ಷ ಸಮಿತಿಯಲ್ಲಿ ದುಡಿದವರು. ಅಸ್ಪೃಶ್ಯರಿಗೂ ಅಸ್ಪೃಶ್ಯರಾದ ದಕ್ಕಲರ ಲೋಕದಿಂದ ಅವರ ‘ದಕ್ಲಕಥಾ ದೇವಿಕಾವ್ಯ’ ಹುಟ್ಟಿತು. ಅದನ್ನು ನಿರ್ದೇಶಕ ಲಕ್ಷ್ಮಣ ಕೆ.ಪಿ. ರಂಗತಂಡ ಜಂಗಮ ಕಲೆಕ್ಟಿವ್‌ಗಾಗಿ 2022ರ ಹೊತ್ತಿಗೆ ರಂಗಕ್ಕೆ ತಂದರು. ಅಲ್ಲಿ ಅರೆ ಮತ್ತು ತಮಟೆ ಹಿನ್ನೆಲೆಯ ವಾದ್ಯಗಳಲ್ಲ. ನಟರೇ ಅವನ್ನು ಬಾರಿಸುತ್ತ, ಕಾವ್ಯದ ಸಾಲುಗಳನ್ನು ಆ ಪೆಟ್ಟಿಗೇ ಹೇಳುತ್ತಾರೆ. ಯಾರೂ ಇದನ್ನು ರ‍್ಯಾಪ್ ಎಂದು ಕರೆದಿಲ್ಲ, ಕರೆಯಬೇಕಿಲ್ಲ. ಆದರೆ ಕನ್ನಡದಲ್ಲಿ ಬೀಟ್ ಕಟ್ಟಲು ಹೊರಟವರು ಕೇಳಲೇಬೇಕಾದ ಸಂಗೀತ ಇದು.

2024ರಲ್ಲಿ

ಬೆಂಗಳೂರಿನಲ್ಲಿ ನೆಲೆ ಕಂಡುಕೊಂಡ ಮಲಯಾಳಿ ರ‍್ಯಾಪರ್ ಹನುಮಾನ್‌ಕೈಂಡ್ (ಸೂರಜ್ ಚೆರುಕಾಟ್) ಅವರ ಇಂಗ್ಲಿಷ್ ಹಾಡು ‘ಬಿಗ್ ಡಾಗ್ಸ್’ 2024ರ ಜುಲೈಯಲ್ಲಿ ಬಂದು ಅಮೆರಿಕದ ಬಿಲ್‌ಬೋರ್ಡ್ ಹಾಟ್ 100 ಪಟ್ಟಿಯಲ್ಲಿ 23ನೇ ಸ್ಥಾನದವರೆಗೆ ಏರಿತು. ಜಾತ್ರೆಗಳಲ್ಲಿ ಕಾಣುವ ಸಾವಿನ ಬಾವಿಯೊಳಗೆ ಬೈಕು-ಕಾರು ಸುತ್ತುವ ಅದರ ವಿಡಿಯೊವನ್ನು ಕೇರಳದ ಪೊನ್ನಾನಿಯಲ್ಲಿ ಚಿತ್ರಿಸಲಾಯಿತು. ಹಾಡಿನ ಮೇಲೆ ರ‍್ಯಾಪರ್‌ನ ಹೆಸರಿನ ಜೊತೆಗೇ, ಬೀಟ್ ಕಟ್ಟಿದ ಕಲ್ಮಿಯ ಹೆಸರೂ ಇದೆ.