ಅಂಚು ಉಜ್ಜುವ ಯಂತ್ರ

ನಮ್ಮ ಬೀದಿಯ ಆಚಾರ್ರು ಹಲಗೆಯ ಅಂಚು ನಯಮಾಡುವ ಎಡ್ಜ್ ಸ್ಯಾಂಡರ್ ಕೊಳ್ಳಬೇಕೆಂದು ಎರಡು ಯಂತ್ರಗಳ ವಿವರವನ್ನು ನನ್ನಿಂದ ಓದಿಸಿದರು. ಗೋಡೆಯಂತೆ ನಿಂತು ಓಡುವ ಉಜ್ಜುಕಾಗದದ ಬೆಲ್ಟು, ಅದರ ಬೆನ್ನಿಗೆ ಲೋಹದ ಆಸರೆ, ಮುಂದೊಂದು ಮೇಜು; ಎರಡರಲ್ಲೂ ಇಷ್ಟೆ. ಒಂದಕ್ಕೆ ಮಾತ್ರ ಧೂಳು ಸೆಳೆಯುವ ಕೊಳವೆಯಿತ್ತು; ಬೆಲೆಯೂ ಹೆಚ್ಚು.

"ಧೂಳಿಗೂ ದುಡ್ಡು ಕೊಡುವುದೇ ಮೇಷ್ಟ್ರೆ?" ಎಂದರು. ನನಗೆ ಹೈ ವಿಕಮ್ ನೆನಪಾಯಿತು.

ಇಂಗ್ಲೆಂಡಿನ ಬಕಿಂಗ್‌ಹ್ಯಾಮ್‌ಷೈರಿನ ಆ ಊರು ಕುರ್ಚಿಗೆ ಹೆಸರಾದುದು. ಸುತ್ತಣ ಬೀಚ್ ಮರದ ಕಾಡೇ ಅದರ ಬಂಡವಾಳ. ಕೈಯಿಂದ ಕೆತ್ತುತ್ತಿದ್ದಾಗ ನೆಲಕ್ಕೆ ಬೀಳುತ್ತಿದ್ದುದು ಚಕ್ಕೆ. ಯಂತ್ರಗಳು ಬಂದ ಮೇಲೆ ಗಾಳಿಗೆ ಏಳತೊಡಗಿದುದು ಹಿಟ್ಟಿನಂಥ ಧೂಳು. ಮೂಗಿನೊಳಗಿನ ಅಪರೂಪದ ಕ್ಯಾನ್ಸರೊಂದು ಪೀಠೋಪಕರಣದ ಕೆಲಸಗಾರರಲ್ಲೇ ಮತ್ತೆ ಮತ್ತೆ ಕಾಣುವುದನ್ನು ಅಲ್ಲಿನ ವೈದ್ಯೆ ಎಸ್ಮೆ ಹ್ಯಾಡ್‌ಫೀಲ್ಡ್ ಗಮನಿಸಿದರು. ಡೊನಾಲ್ಡ್ ಆಚಿಸನ್ ಮೊದಲಾದವರೊಡನೆ ಲೆಕ್ಕಹಾಕಿ 1968ರಲ್ಲಿ ಅದನ್ನು ಪ್ರಕಟಿಸಿದರು. (ಉಜ್ಜುಕಾಗದಕ್ಕೆ ಕಾರ್ಬೊರಂಡಮ್ ಎಂಬ ಹರಳನ್ನು 1891ರಲ್ಲಿ ಒದಗಿಸಿದ ಅಮೆರಿಕದವನೂ ಆಚಿಸನ್ನನೇ, ಎಡ್ವರ್ಡ್ ಆಚಿಸನ್! ಹೆಸರಿನ ವಿನೋದ.) ರೋಗ ತಲೆಯೆತ್ತಲು ಹಲವು ದಶಕಗಳೇ ಹಿಡಿಯುವುದರಿಂದ ಧೂಳಿನ ಮೇಲೆ ಯಾರಿಗೂ ಸಂಶಯ ಬಂದಿರಲಿಲ್ಲ. 1995ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಮರದ ಧೂಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಸಾಲಿಗೆ ಸೇರಿಸಿತು.

ಆಚಾರ್ರು ಬಹಳ ಹೊತ್ತು ಮಾತಾಡಲಿಲ್ಲ. ಯಂತ್ರದ ಮುಂದೆ ದಿನವೆಲ್ಲ ನಿಲ್ಲಬೇಕಾದವನು ಅವರ ಮಗ.

"ಆ ಕೊಳವೆ ಎಷ್ಟು ಅಂಗುಲದ್ದು, ಇನ್ನೊಮ್ಮೆ ಓದಿ" ಎಂದರು.